ದೆವ್ವಕ್ಕಿಂತ ಮೊದಲು ಆಸ್ತಿಪತ್ರ ನೋಡಿ: ಗಾಥಿಕ್ ಕಾದಂಬರಿ ಕುರಿತು ಓದುಗರ ಪ್ರಶ್ನೆಗಳು

ಇಂಗ್ಲಿಷಿನ ಗಾಥಿಕ್ ಕಾದಂಬರಿಗಳ ಬಗ್ಗೆ ಓದುಗರು ಬರೆದ ಪತ್ರಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಒಂದೇ ವಿಷಯದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ಗಾಥಿಕ್ ಶೈಲಿಯ ಕಟ್ಟಡ ಎನ್ನುತ್ತಾರೆ. ಹೆದರಿಸುವ ಕಾದಂಬರಿಗಳಿಗೂ ಅದೇ ಹೆಸರು. ಚರ್ಚಿಗೂ ದೆವ್ವಕ್ಕೂ ಎಲ್ಲಿಯ ನಂಟು? – ಓದುಗರೊಬ್ಬರು, ಮೈಸೂರು

ಉತ್ತರ: ಎರಡಕ್ಕೂ ನಂಟು ಬೆಳೆದದ್ದು ಲಂಡನ್ ಪಕ್ಕದ ಒಂದು ಮನೆಯಲ್ಲಿ. ಚೂಪು ಕಮಾನು, ಪಕ್ಕೆಲುಬಿನಂತೆ ಹಬ್ಬಿದ ಚಾವಣಿ, ಗೋಡೆಯ ಭಾರವನ್ನು ಹೊರಗಿನಿಂದ ಹೊರುವ ಆಸರೆ, ಇವೆಲ್ಲ ಒಂದು ಶೈಲಿಯಾಗಿ ಕೂಡಿಬಂದದ್ದು 1140ರ ದಶಕದಲ್ಲಿ, ಪ್ಯಾರಿಸ್ ಬಳಿಯ ಸೇಂಟ್ ಡೆನಿ ಮಠದಲ್ಲಿ. ಅದನ್ನು ಕಟ್ಟಿದವರು ಗಾಥಿಕ್ ಎಂದು ಕರೆದುಕೊಳ್ಳಲಿಲ್ಲ. ಶತಮಾನಗಳ ನಂತರ ಇಟಲಿಯ ವಿದ್ವಾಂಸರು ಈ ಕಟ್ಟಡಗಳು ಒರಟು ಎಂದು ಹೀಯಾಳಿಸಲು 410ರಲ್ಲಿ ರೋಮನ್ನು ಸೂರೆಗೈದ ಗಾಥ್ ಜನರ ಹೆಸರನ್ನು ಅಂಟಿಸಿದರು. ನಿಮ್ಮೂರಿನ ಚರ್ಚು ಬಹಳ ಈಚಿನದು. ಜರ್ಮನಿಯ ಕಲೋನ್ ಕೆಥೆಡ್ರಲನ್ನು ಮಾದರಿಯಾಗಿಟ್ಟುಕೊಂಡು 1933ರಲ್ಲಿ ಕೆಲಸ ಶುರುವಾಯಿತು.

ಬ್ರಿಟನ್ನಿನ ಮೊದಲ ಪ್ರಧಾನಿ ರಾಬರ್ಟ್ ವಾಲ್‌ಪೋಲ್ ಅವರ ಮಗ ಹೊರೇಸ್ ವಾಲ್‌ಪೋಲ್ 1740ರ ದಶಕದ ಕೊನೆಯಲ್ಲಿ ಟ್ವಿಕನಮ್‌ನಲ್ಲಿ ಒಂದು ಸಣ್ಣ ಮನೆ ಹಿಡಿದು, ವರ್ಷಗಟ್ಟಲೆ ಅದನ್ನು ಗಾಥಿಕ್ ಕೋಟೆಯಂತೆ ಬದಲಾಯಿಸುತ್ತ ಹೋದ. ಅದೇ ಸ್ಟ್ರಾಬೆರಿ ಹಿಲ್. ಅಲ್ಲಿ ಕಲ್ಲಿನಂತೆ ಕಾಣುವುದೆಲ್ಲ ಕಲ್ಲಲ್ಲ. ದೊಡ್ಡ ಗ್ಯಾಲರಿಯ ಚಾವಣಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಬಿ ಚರ್ಚಿನ ಏಳನೆಯ ಹೆನ್ರಿ ಪ್ರಾರ್ಥನಾಮಂದಿರದ ನಕಲು, ಮಾಡಿದ್ದು ಕಾಗದದ ಮುದ್ದೆಯಲ್ಲಿ. 1764ರ ಬೇಸಿಗೆಯಲ್ಲಿ ಅವನಿಗೊಂದು ಕನಸು ಬಿತ್ತು: ಕೋಟೆಯೊಂದರ ದೊಡ್ಡ ಮೆಟ್ಟಿಲಿನ ಮೇಲ್ತುದಿಯ ಕಟಕಟೆಯ ಮೇಲೆ ಕವಚ ತೊಟ್ಟ ದೈತ್ಯ ಕೈ. ಆ ಸಂಜೆಯೇ ಬರೆಯಲು ಕೂತ, ಎರಡು ತಿಂಗಳೊಳಗೆ ಮುಗಿಸಿದ. 'ದಿ ಕ್ಯಾಸಲ್ ಆಫ್ ಒಟ್ರಾಂಟೊ' 1764ರ ಡಿಸೆಂಬರ್ 24ರಂದು 500 ಪ್ರತಿಗಳಲ್ಲಿ ಹೊರಬಂತು. ಚಾವಣಿಯ ಹಾಗೆ ಅದರ ಮುಖಪುಟವೂ ನಕಲಿಯೇ. 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದ ಇಟಾಲಿಯನ್ ಪುಸ್ತಕದ ಅನುವಾದ ಇದು ಎಂದು ಹೇಳಿ, ಮೂಲಲೇಖಕನಿಗೂ ಅನುವಾದಕನಿಗೂ ಸುಳ್ಳು ಹೆಸರು ಕೊಟ್ಟಿದ್ದ. ಪುಸ್ತಕ ಗೆದ್ದಿತು. 1765ರ ಎರಡನೆಯ ಮುದ್ರಣದಲ್ಲಿ ತಾನೇ ಬರೆದದ್ದೆಂದು ಒಪ್ಪಿಕೊಂಡು 'ಗಾಥಿಕ್ ಕಥೆ' ಎಂಬ ಉಪಶೀರ್ಷಿಕೆ ಸೇರಿಸಿದ. ಹಳೆಯ ಕಾಲದ ಕೃತಿ ಎಂದು ಮೆಚ್ಚಿದ್ದ ವಿಮರ್ಶಕರು, ನಾಗರಿಕ ಕಾಲದ ವಿದ್ಯಾವಂತ ಇಂಥದ್ದನ್ನು ಬರೆಯುವುದೇ ಎಂದು ಸಿಟ್ಟಾದರು. ಹೆಸರು ಮಾತ್ರ ಉಳಿಯಿತು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಗಾಥಿಕ್ ಎಂದರೆ ಪಾಳುಮನೆ, ದೆವ್ವ, ಮೂರ್ಛೆ ಹೋಗುವ ಹುಡುಗಿ. ಇದನ್ನು ಗಂಭೀರ ಸಾಹಿತ್ಯ ಎಂದು ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕೆ ಇಡುವುದೇಕೆ? – ತೀರ್ಥಹಳ್ಳಿ

ಉತ್ತರ: ಸರ್, ದೆವ್ವವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಈ ಮನೆ ಯಾರದ್ದು ಎಂದು ಕೇಳಿ ನೋಡಿ. ಕಾದಂಬರಿ ಬೇರೆಯೇ ಆಗಿ ಕಾಣುತ್ತದೆ.

ಒಟ್ರಾಂಟೊದ ಮೊದಲ ಪುಟಗಳಲ್ಲಿ ಮದುವೆಯ ದಿನವೇ ಆಕಾಶದಿಂದ ಭಾರೀ ಶಿರಸ್ತ್ರಾಣ ಬಿದ್ದು ಯುವರಾಜ ಕಾನ್ರಾಡ್ ಜಜ್ಜಿಹೋಗುತ್ತಾನೆ. ಹೀಗೇಕಾಯಿತು ಎಂಬುದು ಕೊನೆಯಲ್ಲಿ ತಿಳಿಯುತ್ತದೆ. ಅವನ ಮುತ್ತಜ್ಜ ರಿಕಾರ್ಡೊ ತನ್ನ ಒಡೆಯ ಆಲ್ಫಾನ್ಸೊನಿಗೆ ವಿಷವಿಕ್ಕಿ, ಸುಳ್ಳು ಉಯಿಲು ಬರೆಸಿ ಕೋಟೆ ಹೊಡೆದುಕೊಂಡಿದ್ದ. ಅಂದರೆ ಇಡೀ ಅದ್ಭುತದ ಹಿಂದೆ ಇರುವುದು ಒಂದು ಖೋಟಾ ದಾಖಲೆ. ಆ್ಯನ್ ರಾಡ್‌ಕ್ಲಿಫ್ 1794ರಲ್ಲಿ ಪ್ರಕಟಿಸಿದ 'ದಿ ಮಿಸ್ಟರೀಸ್ ಆಫ್ ಯುಡಾಲ್ಫೊ'ದಲ್ಲಿ ಕೋಟೆಯ ಒಡೆಯ ಮೊಂಟೋನಿ ಹೆಂಡತಿಯನ್ನು ಕೂಡಿಹಾಕುವುದು ಅವಳ ಹೆಸರಿನ ಜಮೀನಿಗೆ ಸಹಿ ಬೇಕೆಂದು. ಅವಳು ಸತ್ತ ಮೇಲೆ ಅದೇ ಕಾಗದವನ್ನು ಅವಳ ಸೋದರನ ಮಗಳು ಎಮಿಲಿಯ ಮುಂದೆ ಹಿಡಿಯುತ್ತಾನೆ. ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್' (1847) ಅಂತೂ ಮೊದಲ ವಾಕ್ಯದಲ್ಲೇ ಮನೆ ಮಾಲೀಕನ ಮಾತೆತ್ತುತ್ತದೆ. ಬೀದಿಯಿಂದ ಎತ್ತಿ ತಂದ ಹೀತ್‌ಕ್ಲಿಫ್ ಒಂದು ಮನೆಯನ್ನು ಜೂಜಿನ ಸಾಲದ ಅಡಮಾನದಿಂದಲೂ ಇನ್ನೊಂದನ್ನು ಮದುವೆಗಳ ಮೂಲಕವೂ ಕೈವಶ ಮಾಡಿಕೊಳ್ಳುತ್ತಾನೆ. ಸಿ. ಪಿ. ಸ್ಯಾಂಗರ್ ಎಂಬ ವಕೀಲರು 1926ರಲ್ಲಿ ಆ ಕಾದಂಬರಿಯ ವಂಶವೃಕ್ಷ, ಇಸವಿಗಳು, ಆಸ್ತಿ ಕೈಬದಲಾದ ಬಗೆ ಎಲ್ಲವನ್ನೂ ಅಂದಿನ ಕಾನೂನಿನೊಂದಿಗೆ ಹೋಲಿಸಿ ನೋಡಿ, ಎಮಿಲಿ ಬ್ರಾಂಟೆ ಎಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿದ್ದರೆಂದು ತೋರಿಸಿದರು.

ತಾತ ಮಾಡಿದ ಅನ್ಯಾಯದ ಮೇಲೆ ಮೊಮ್ಮಗ ನೆಮ್ಮದಿಯಾಗಿ ಮಲಗಬಹುದೇ? ಇಂಗ್ಲೆಂಡಿನ ಶ್ರೀಮಂತ ಮನೆತನಗಳು ಬಹಿರಂಗವಾಗಿ ಕೇಳಿಕೊಳ್ಳದ ಈ ಪ್ರಶ್ನೆಯನ್ನು ಗಾಥಿಕ್ ಕೇಳಿತು. 1789ರಲ್ಲಿ ಫ್ರಾನ್ಸಿನ ಕ್ರಾಂತಿ ಕೋಟೆ, ಮಠ, ಸೆರೆಮನೆಗಳ ಬಾಗಿಲು ಒಡೆದ ಮರುದಶಕದಲ್ಲೇ ಈ ಪ್ರಕಾರ ಉತ್ತುಂಗಕ್ಕೆ ಏರಿದ್ದು ಆಕಸ್ಮಿಕವಲ್ಲ. ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಮಾತ್ರ ಈ ಸೂತ್ರಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅಲ್ಲಿ ಆಸ್ತಿಯ ಜಗಳವಿಲ್ಲ, ಜೀವಿಯೊಂದನ್ನು ತಾನೇ ಸೃಷ್ಟಿಸಿದ ವಿಕ್ಟರನ ಹೊಣೆಯ ಪ್ರಶ್ನೆ ಇದೆ.

ಪ್ರಶ್ನೆ: 'ಟೆರರ್' ಮತ್ತು 'ಹಾರರ್' ನಡುವಿನ ವ್ಯತ್ಯಾಸ ಪರೀಕ್ಷೆಗೆ ಪದೇಪದೇ ಬರುತ್ತದೆ. ಉದಾಹರಣೆಯೊಂದಿಗೆ ತಿಳಿಸಿ. – ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈ ಗೆರೆ ಎಳೆದವರು ರಾಡ್‌ಕ್ಲಿಫ್ ಅವರೇ. 1823ರಲ್ಲಿ ಅವರು ತೀರಿಕೊಂಡರು, ಪ್ರಬಂಧ ಬೆಳಕಿಗೆ ಬಂದದ್ದು 1826ರಲ್ಲಿ. ಅವರ ವಾದ ಇಷ್ಟು: ಟೆರರ್ ಮನಸ್ಸನ್ನು ಹಿಗ್ಗಿಸಿ ಇಂದ್ರಿಯಗಳನ್ನು ಎಚ್ಚರಿಸುತ್ತದೆ, ಹಾರರ್ ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ. ಮೊದಲನೆಯದಕ್ಕೆ ಅಸ್ಪಷ್ಟತೆ ಬೇಕು. ಏನನ್ನಾದರೂ ಬಹಳ ಭಯಂಕರವಾಗಿಸಲು ಅಸ್ಪಷ್ಟತೆ ಬೇಕು ಎಂದು ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲೇ ಹೇಳಿದ್ದರು.

ಟೆರರ್‌ಗೆ ಯುಡಾಲ್ಫೊದ ಕಪ್ಪು ಪರದೆಯ ಪ್ರಸಂಗ ಬರೆಯಿರಿ. ನಾಯಕಿ ಎಮಿಲಿ ಪರದೆ ಎತ್ತುತ್ತಾಳೆ, ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಏನು ಕಂಡಳೆಂದು ಲೇಖಕಿ ಹೇಳುವುದಿಲ್ಲ. ನಾಲ್ಕು ಸಂಪುಟಗಳ ಕಾದಂಬರಿಯಲ್ಲಿ ಪರದೆ ಎತ್ತುವುದು ಎರಡನೆಯದರಲ್ಲಿ, ಅದು ಹೆಣವಲ್ಲ, ಮೇಣದ ಬೊಂಬೆ ಎಂಬ ವಿವರಣೆ ಬರುವುದು ನಾಲ್ಕನೆಯದರ ಕೊನೆಯ ಭಾಗದಲ್ಲಿ. ಹಾರರ್‌ಗೆ ಮ್ಯಾಥ್ಯೂ ಲೂಯಿಸ್‌ನ 'ದಿ ಮಂಕ್' (1796) ಸಾಕು. ಇಪ್ಪತ್ತರ ಆಸುಪಾಸಿನ ಹುಡುಗ ಬರೆದದ್ದು. ಅಲ್ಲಿ ಕೊಳೆತ ಶವ, ಅತ್ಯಾಚಾರ, ಪಿಶಾಚಿ ಎಲ್ಲವೂ ಕಣ್ಣೆದುರಿಗೇ. ಗದ್ದಲ ಎದ್ದು, ಆಗಷ್ಟೇ ಸಂಸತ್ ಸದಸ್ಯನಾಗಿದ್ದ ಲೂಯಿಸ್ ಮುಂದಿನ ಮುದ್ರಣವೊಂದರಲ್ಲಿ ಬಹಳಷ್ಟು ಭಾಗ ಕತ್ತರಿಸಬೇಕಾಯಿತು. ಮರುವರ್ಷ ಬಂದ ರಾಡ್‌ಕ್ಲಿಫ್ ಅವರ 'ದಿ ಇಟಾಲಿಯನ್' ಅದಕ್ಕೆ ಕೊಟ್ಟ ಉತ್ತರ ಎಂದು ಹೆಚ್ಚಿನ ವಿಮರ್ಶಕರ ಅಭಿಪ್ರಾಯ.

ಟೆರರ್ ಎಂದರೆ ಕಡಿಮೆ ಹೆದರಿಕೆ, ಹಾರರ್ ಎಂದರೆ ಹೆಚ್ಚು ಹೆದರಿಕೆ ಎಂದು ಬರೆದವರಿಗೆ ಅಂಕ ಹೋಗುತ್ತದೆ. ವ್ಯತ್ಯಾಸ ಇರುವುದು ಪ್ರಮಾಣದಲ್ಲಲ್ಲ, ತೋರಿಸುವ ವಿಧಾನದಲ್ಲಿ.

ಪ್ರಶ್ನೆ: ಉತ್ಸಾಹದಿಂದ ಯುಡಾಲ್ಫೊ ಶುರುಮಾಡಿ ನೂರು ಪುಟಕ್ಕೇ ಕೈಬಿಟ್ಟೆ. ಕೋಟೆಯೇ ಬರಲಿಲ್ಲ! ಯಾವ ಕ್ರಮದಲ್ಲಿ ಓದಬೇಕು? – ಬೆಂಗಳೂರು

ಉತ್ತರ: ಕೋಟೆ ಬರುವುದು ಎರಡನೆಯ ಸಂಪುಟದಲ್ಲಿ, ಕಾದಂಬರಿಯ ಮೂರನೇ ಒಂದು ಭಾಗ ಕಳೆದ ಮೇಲೆ. ಅಲ್ಲಿಯವರೆಗೆ ಬೆಟ್ಟ, ಸೂರ್ಯಾಸ್ತ, ಪದ್ಯ. ಹಾಗಾಗಿ ಅದನ್ನು ಮೊದಲಿಗೆ ಹಿಡಿಯಬೇಡಿ. ಒಟ್ರಾಂಟೊದಿಂದ ಆರಂಭಿಸಿ, ಅದು ಚಿಕ್ಕದು, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಅದರಲ್ಲಿ ಮಾತುಕತೆಗೆ ಉದ್ಧರಣ ಚಿಹ್ನೆ ಇಲ್ಲ, ಪ್ಯಾರಾಗಳು ಉದ್ದ. ಯಾರ ಮಾತು ಎಂದು ಗೊಂದಲವಾದರೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಹೆಸರು ಬರೆದುಕೊಳ್ಳಿ. ಆಮೇಲೆ 'ಫ್ರಾಂಕನ್‌ಸ್ಟೈನ್', ಷಾರ್ಲೆಟ್ ಬ್ರಾಂಟೆಯ 'ಜೇನ್ ಏರ್', ಬ್ರಾಮ್ ಸ್ಟೋಕರನ 'ಡ್ರಾಕುಲಾ'. ಇಷ್ಟಾದ ಮೇಲೆ ಯುಡಾಲ್ಫೊಗೆ ಬನ್ನಿ, ನಡುನಡುವಿನ ಪದ್ಯಗಳನ್ನು ಬಿಟ್ಟು ಓದಿದರೂ ಕಥೆಗೆ ಕುಂದಿಲ್ಲ. ಅದನ್ನು ಮುಗಿಸಿದ ಕೂಡಲೇ ಈ ಪ್ರಕಾರವನ್ನು ಅಣಕಿಸುವ ಜೇನ್ ಆಸ್ಟೆನ್ ಅವರ 'ನಾರ್ಥ್ಯಾಂಗರ್ ಆಬಿ' ಓದಬೇಕು. ಮಳೆಗಾಳಿಯ ರಾತ್ರಿ ಹಳೆಯ ಬೀರುವಿನಲ್ಲಿ ಸಿಕ್ಕ ನಿಗೂಢ ಕಾಗದ ಬೆಳಗ್ಗೆ ನೋಡಿದರೆ ಬಟ್ಟೆ ಒಗೆಸಿದ ಪಟ್ಟಿ ಎಂದು ತಿಳಿಯುವ ಪ್ರಸಂಗದ ರುಚಿ ಯುಡಾಲ್ಫೊ ಓದಿದವರಿಗೇ ಪೂರ್ತಿ ಸಿಗುವುದು. ಅದರಲ್ಲಿ ಬರುವ ಏಳು 'ಭಯಾನಕ' ಕಾದಂಬರಿಗಳ ಪಟ್ಟಿ ಆಸ್ಟೆನ್ ಕಲ್ಪಿಸಿದ್ದು ಎಂದು ಬಹಳ ಕಾಲ ನಂಬಲಾಗಿತ್ತು. ಏಳೂ ನಿಜವಾಗಿ ಅಚ್ಚಾದ ಪುಸ್ತಕಗಳು.

'ಫ್ರಾಂಕನ್‌ಸ್ಟೈನ್' ಕೊಳ್ಳುವಾಗ 1818ರ ಆವೃತ್ತಿಯ ಪಾಠವೋ 1831ರದೋ ಎಂದು ಒಳಪುಟ ನೋಡಿ. 1818ರಲ್ಲಿ ವಿಕ್ಟರ್ ಮದುವೆಯಾಗುವ ಎಲಿಜಬೆತ್ ಅವನ ಸೋದರತ್ತೆಯ ಮಗಳು, 1831ರಲ್ಲಿ ಇಟಲಿಯಲ್ಲಿ ಸಿಕ್ಕ ಅನಾಥೆ. ಹಳೆಯ ಪಾಠದ ವಿಕ್ಟರ್ ತಾನಾಗಿ ತಪ್ಪುದಾರಿ ಹಿಡಿಯುತ್ತಾನೆ, ಪರಿಷ್ಕೃತ ಪಾಠದಲ್ಲಿ ವಿಧಿಯ ಕೈ ಹೆಚ್ಚು. ನಮ್ಮ ಆಯ್ಕೆ 1818. ಆದರೆ 1816ರ ಆ ಮಳೆಗಾಲದಂಥ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಕಥೆ ಹುಟ್ಟಿದ್ದನ್ನು ಮೇರಿ ಶೆಲ್ಲಿ ತಾವೇ ಹೇಳುವ ಮುನ್ನುಡಿ 1831ರದು, ಅದು ಅನುಬಂಧವಾಗಿರುವ ಪ್ರತಿ ಸಿಕ್ಕರೆ ಬಿಡಬೇಡಿ. ಆ ಬೇಸಿಗೆ ಹಾಗಾಗಲು ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದದ್ದು ಕಾರಣ.

ಪ್ರಶ್ನೆ: ಬರೆದವರಲ್ಲೂ ಓದಿದವರಲ್ಲೂ ಅಷ್ಟೊಂದು ಹೆಂಗಸರು ಏಕೆ? – ಕಾಲೇಜು ಉಪನ್ಯಾಸಕಿ, ಮಂಡ್ಯ

ಉತ್ತರ: ಕೈಗೆಟುಕುವ ಪುಸ್ತಕ ಮೊದಲ ಕಾರಣ. ಕಾದಂಬರಿ ಕೊಳ್ಳುವುದು ದುಬಾರಿ, ಚಂದಾ ಕಟ್ಟಿ ಬಾಡಿಗೆ ಗ್ರಂಥಾಲಯದಿಂದ ತರುವುದು ಅಗ್ಗ. ಮೂರು ಸಂಪುಟದ ಕಾದಂಬರಿಯನ್ನು ಗ್ರಂಥಾಲಯ ಒಮ್ಮೆಗೆ ಮೂರು ಮನೆಗೆ ಕೊಡಬಹುದಿತ್ತು. ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ವಿಲಿಯಂ ಲೇನ್‌ನ ಮಿನರ್ವಾ ಪ್ರೆಸ್ ಇದೇ ವ್ಯಾಪಾರದ ಮೇಲೆ ಬೆಳೆಯಿತು, ಅದರ ಲೇಖಕರಲ್ಲಿ ಹೆಂಗಸರು ಬಹಳ. ರಾಡ್‌ಕ್ಲಿಫ್ ಅವರಿಗೆ ಯುಡಾಲ್ಫೊಗೆ 500 ಪೌಂಡ್, 'ದಿ ಇಟಾಲಿಯನ್'ಗೆ 800 ಪೌಂಡ್ ಸಿಕ್ಕಿತು. ಅಂದಿಗೆ ಅದು ದೊಡ್ಡ ಮೊತ್ತ.

ಎರಡನೆಯ ಕಾರಣ ಕಾನೂನು. ಮದುವೆಯಾದ ಹೆಣ್ಣಿಗೆ ಇಂಗ್ಲೆಂಡಿನಲ್ಲಿ ಪ್ರತ್ಯೇಕ ಕಾನೂನು ಅಸ್ತಿತ್ವವೇ ಇರಲಿಲ್ಲ, ಅವಳ ಹಣ ಗಂಡನದಾಗುತ್ತಿತ್ತು. ಅದು ಬದಲಾಗತೊಡಗಿದ್ದು 1870 ಮತ್ತು 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಗಳಿಂದ. ಗಂಡನ ಮನೆಯಲ್ಲಿ ಕೂಡಿಹಾಕಲ್ಪಟ್ಟ ಹೆಣ್ಣು ಬರೆದ, ಓದಿದ ಈ ಹೆಂಗಸರಿಗೆ ಬರೀ ಕಲ್ಪನೆಯಾಗಿರಲಿಲ್ಲ. 'ಜೇನ್ ಏರ್'ನಲ್ಲಿ ನಾಯಕ ರಾಚೆಸ್ಟರನ ಅಪ್ಪ ಎಸ್ಟೇಟು ಒಡೆಯಬಾರದೆಂದು ಹಿರಿಯ ಮಗನಿಗೇ ಎಲ್ಲ ಬಿಟ್ಟು, ಕಿರಿಯವನಾದ ಅವನನ್ನು 30,000 ಪೌಂಡ್ ವರದಕ್ಷಿಣೆಗೆ ಜಮೈಕಾದ ಬರ್ಥಾಳೊಂದಿಗೆ ಮದುವೆ ಮಾಡಿಸುತ್ತಾನೆ. ಅಟ್ಟದ ಮೇಲೆ ಬೀಗ ಹಾಕಿರುವುದು ಆ ಹಣ ತಂದವಳಿಗೆ. ನಾಯಕಿ ಜೇನ್ ಸ್ವತಂತ್ರಳಾಗುವುದೂ ಚಿಕ್ಕಪ್ಪ ಬಿಟ್ಟುಹೋದ 20,000 ಪೌಂಡಿನಿಂದ, ಅದನ್ನು ಅವಳು ಮೂವರು ಬಂಧುಗಳೊಂದಿಗೆ ಐದೈದು ಸಾವಿರದಂತೆ ಹಂಚಿಕೊಳ್ಳುತ್ತಾಳೆ. ಬರ್ಥಾಳಿಗೆ ಮಾತು ಕೊಡಲು ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ ಬರಬೇಕಾಯಿತು. ಅವರ 'ವೈಡ್ ಸರ್ಗಾಸೊ ಸೀ' ಬಂದದ್ದು 1966ರಲ್ಲಿ. ತರಗತಿಯಲ್ಲಿ ಎರಡನ್ನೂ ಜೋಡಿಯಾಗಿ ಇಡಿ, ಇಂಗ್ಲೆಂಡಿನ ಬಂಗಲೆಗೂ ವೆಸ್ಟ್ ಇಂಡೀಸಿನ ಗುಲಾಮರ ದುಡಿಮೆಗೂ ಇರುವ ಲೆಕ್ಕ ವಿದ್ಯಾರ್ಥಿಗಳಿಗೆ ತಾನಾಗಿ ಹೊಳೆಯುತ್ತದೆ.

ಪ್ರಶ್ನೆ: ಹಳೆಯ ಮಲೆನಾಡ ಮನೆಯೊಂದರ ಮೇಲೆ ಗಾಥಿಕ್ ಮಾದರಿಯ ನೀಳ್ಗತೆ ಬರೆಯುತ್ತಿದ್ದೇನೆ. ಬಾವಲಿ, ಗುಡುಗು, ಬಿಳಿ ಸೀರೆ ಎಲ್ಲ ಇದೆ. ಓದಿದ ಸ್ನೇಹಿತರು ಮೂರನೇ ಪುಟಕ್ಕೇ ನಗುತ್ತಾರೆ. ಎಲ್ಲಿ ತಪ್ಪಾಗುತ್ತಿದೆ? – ಶಿರಸಿ

ಉತ್ತರ: ಹೆದರಿಸುವ ಸಾಮಾನನ್ನೆಲ್ಲ ಮೊದಲೇ ಖರ್ಚು ಮಾಡಿದ್ದೀರಿ. ಅಳತೆ ಹೇಗೆಂದು ತಿಳಿಯಲು 'ಜೇನ್ ಏರ್'ನ ಅಧ್ಯಾಯಗಳನ್ನು ಎಣಿಸಿ ನೋಡಿ. ಒಟ್ಟು 38. ಹನ್ನೊಂದರಲ್ಲಿ ಮೂರನೇ ಮಹಡಿಯ ಓಣಿಯಲ್ಲಿ ಒಂದು ನಗು ಕೇಳಿಸುತ್ತದೆ, ಮನೆ ನೋಡಿಕೊಳ್ಳುವಾಕೆ ಅದು ಕೆಲಸದ ಗ್ರೇಸ್‌ಳದು ಎಂದುಬಿಡುತ್ತಾಳೆ. ಹದಿನೈದರಲ್ಲಿ ರಾಚೆಸ್ಟರನ ಹಾಸಿಗೆಗೆ ಬೆಂಕಿ. ಇಪ್ಪತ್ತರಲ್ಲಿ ಅತಿಥಿಗೆ ಇರಿತ, ಕಚ್ಚಿದ ಗಾಯ. ಇಪ್ಪತ್ತೈದರಲ್ಲಿ ಮದುವೆಯ ಮುಸುಕು ಹರಿಯುತ್ತದೆ. ಇಪ್ಪತ್ತಾರರಲ್ಲಿ ಬರ್ಥಾಳ ಕೋಣೆಯ ಬಾಗಿಲು ತೆರೆಯುತ್ತದೆ, ಅದೂ ವಕೀಲನೊಬ್ಬ ಚರ್ಚಿನಲ್ಲಿ ಕಾಗದ ಓದಿದ ಮೇಲೆ. ಶಬ್ದ, ಬೆಂಕಿ, ರಕ್ತ, ವಧುವಿನ ಬಟ್ಟೆ: ಪ್ರತಿ ಸಲ ಅಪಾಯ ನಾಯಕಿಗೆ ಒಂದು ಹೆಜ್ಜೆ ಹತ್ತಿರ. ಪ್ರತಿ ಸಲವೂ ನಂಬಬಹುದಾದ ಒಂದು ಸಾಧಾರಣ ಸಮಾಧಾನ ಜೊತೆಗೇ ಸಿಗುತ್ತದೆ. ಆ ಸಮಾಧಾನ ಇಲ್ಲದ್ದರಿಂದಲೇ ನಿಮ್ಮ ಓದುಗರು ನಗುತ್ತಿದ್ದಾರೆ. ನಂಬಲು ದಾರಿಯಿಲ್ಲದಾಗ ಓದುಗ ಕಥೆಯ ಹೊರಗೆ ನಿಂತುಬಿಡುತ್ತಾನೆ.

ಬಾವಲಿ, ಗುಡುಗು, ಬಿಳಿ ಸೀರೆ ಮೂರನ್ನೂ ತೆಗೆದುಹಾಕಿ. ಕಥೆ ಬರೆಯುವ ಮುನ್ನ ಬೇರೆ ಹಾಳೆಯಲ್ಲಿ ಮನೆಯ ನಕ್ಷೆ ಹಾಕಿ: ಜಗಲಿ, ನಡುಮನೆ, ಅಡುಗೆಮನೆ, ಅಟ್ಟ, ಬೀಗ ಹಾಕಿದ ಕೋಣೆ, ಕೀಲಿಕೈ ಯಾರ ಸೊಂಟದಲ್ಲಿದೆ. ಅದರ ಕೆಳಗೆ ಮೂರು ತಲೆಮಾರಿನ ವಂಶವೃಕ್ಷ ಮತ್ತು ಒಂದು ದಾಖಲೆ. ವಿಭಾಗ ಪತ್ರವಾಗಬಹುದು, ದತ್ತಕ ಪತ್ರವಾಗಬಹುದು, ಹೆಬ್ಬೆಟ್ಟು ಒತ್ತಿಸಿಕೊಂಡ ಕ್ರಯಪತ್ರವಾಗಬಹುದು. ಪಾಲು ಸಿಗದೆ ಹೋದವರು ಯಾರು, ಅವರು ಈ ಮನೆಯಲ್ಲಿ ಎಲ್ಲಿ ಮಲಗುತ್ತಿದ್ದರು ಎಂಬುದನ್ನು ನೀವು ಗಟ್ಟಿಮಾಡಿಕೊಂಡಿರಬೇಕು. ಓದುಗನಿಗೆ ಅದನ್ನು ಕೊನೆಯ ಕಾಲುಭಾಗದವರೆಗೆ ಹೇಳಬೇಡಿ.

ಹದಿನೈದು ಇಪ್ಪತ್ತು ಪುಟದ ನೀಳ್ಗತೆಗೆ ಮೂರು ಘಟನೆ ಧಾರಾಳ ಸಾಕು. ಮೊದಲನೆಯದು ಶಬ್ದವೋ ವಾಸನೆಯೋ ಆಗಿರಲಿ, ಎರಡನೆಯದರಲ್ಲಿ ಒಂದು ವಸ್ತು ತನ್ನ ಜಾಗ ಬಿಟ್ಟಿರಲಿ, ಮೂರನೆಯದು ಮೈಗೆ ತಾಗಲಿ. ಕಥೆ ಹೇಳುವವರು ಮನೆಗೆ ಹೊಸಬರಾದರೆ ಅನುಕೂಲ. ಹೊಸ ಸೊಸೆ, ಬಾಡಿಗೆಗೆ ಬಂದ ಮಾಸ್ತರು, ಸರ್ವೆಗೆ ಬಂದ ನೌಕರ, ಇವರಿಗೆ ಪ್ರಶ್ನೆ ಕೇಳುವ ಕಾರಣ ಇರುತ್ತದೆ, ಪೂರ್ತಿ ಉತ್ತರ ಪಡೆಯುವ ಅಧಿಕಾರ ಇರುವುದಿಲ್ಲ. 'ಭಯಾನಕ', 'ಘೋರ', 'ಭೀಕರ' ಎಂಬ ವಿಶೇಷಣಗಳನ್ನು ಹುಡುಕಿ ಹುಡುಕಿ ಹೊಡೆದುಹಾಕಿ. ಕೊನೆಗೆ ಎಲ್ಲವನ್ನೂ ಯಾರೋ ಮಾಡಿದ ಕಿತಾಪತಿ ಎಂದು ವಿವರಿಸಿದರೆ ಓದುಗನಿಗೆ ಮೋಸವಾದಂತೆ ಅನಿಸುತ್ತದೆ. ರಾಡ್‌ಕ್ಲಿಫ್ ಅವರ ಮೇಣದ ಬೊಂಬೆಯ ಮೇಲೆ ಅವರ ಕಾಲದಿಂದಲೂ ಇರುವ ದೂರು ಅದೇ. ದೆವ್ವಕ್ಕೆ ವಿವರಣೆ ಕೊಟ್ಟರೂ ಅನ್ಯಾಯಕ್ಕೆ ಕೊಡಬೇಡಿ, ಅದು ನಡೆದದ್ದಾಗಿಯೇ ಉಳಿಯಲಿ.

ಪ್ರಶ್ನೆ: ಲಂಡನ್ನಿನಲ್ಲಿ ಮಗಳ ಮನೆಗೆ ಬಂದಿದ್ದೇವೆ. ಈ ಕಾದಂಬರಿಗಳಿಗೆ ಸಂಬಂಧಿಸಿದ ಜಾಗ ನೋಡಬಹುದೇ? – ಹುಬ್ಬಳ್ಳಿಯವರು, ಸದ್ಯ ಲಂಡನ್

ಉತ್ತರ: ವಾಟರ್‌ಲೂ ನಿಲ್ದಾಣದಿಂದ ಸ್ಟ್ರಾಬೆರಿ ಹಿಲ್‌ಗೆ ರೈಲಿದೆ, ವಾಲ್‌ಪೋಲ್‌ನ ಮನೆ ಸಾರ್ವಜನಿಕರಿಗೆ ತೆರೆದಿದೆ. ದಿನ ಮತ್ತು ಸಮಯವನ್ನು ಮೊದಲೇ ಖಚಿತಪಡಿಸಿಕೊಂಡು ಹೊರಡಿ. ಒಳಗೆ ಹೋದ ಕೂಡಲೇ ಸಿಗುವ ಮಂದ ಬೆಳಕಿನ ಮೆಟ್ಟಿಲ ಬಳಿ ಅವಸರ ಮಾಡಬೇಡಿ. ಆ ಕತ್ತಲೆಯನ್ನು ವಾಲ್‌ಪೋಲ್ ಬೇಕೆಂದೇ ಮಾಡಿದ್ದು, ಅದನ್ನು ದಾಟಿ ಚಿನ್ನದ ಬಣ್ಣದ ಗ್ಯಾಲರಿಗೆ ಬಂದಾಗ ಕಣ್ಣು ಕುಕ್ಕಲಿ ಎಂದು. ಎರಡು ದಿನ ಬಿಡುವಿದ್ದರೆ ಉತ್ತರದ ವಿಟ್‌ಬಿಗೆ ಹೋಗಿ. 199 ಮೆಟ್ಟಿಲು ಹತ್ತಿದರೆ ಸೇಂಟ್ ಮೇರಿ ಚರ್ಚು, ಪಾಳುಬಿದ್ದ ಆಬಿ, ಅಂದರೆ ಹಳೆಯ ಕ್ರೈಸ್ತ ಮಠ. ಡ್ರಾಕುಲಾನ ಹಡಗು ದಡಕ್ಕೆ ಬಡಿಯುವುದು ಆ ಬಂದರಿನಲ್ಲೇ. ಮಂಡಿನೋವಿದ್ದವರಿಗೆ ಮೇಲಕ್ಕೆ ರಸ್ತೆಯೂ ಇದೆ.

ಪ್ರಶ್ನೆ: ವೃತ್ತಿಯಿಂದ ವಕೀಲ. 'ಡ್ರಾಕುಲಾ'ವನ್ನು ಮೂಲದಿಂದ ಕನ್ನಡಕ್ಕೆ ತರುವ ಆಸೆ. ಅನುಮತಿ ಬೇಕೇ? ಏನನ್ನು ಗಮನಿಸಬೇಕು? – ಪುತ್ತೂರು

ಉತ್ತರ: ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಬ್ರಾಮ್ ಸ್ಟೋಕರ್ ತೀರಿಕೊಂಡದ್ದು 1912ರಲ್ಲಿ, ಹಾಗಾಗಿ ಅನುಮತಿ ಬೇಕಿಲ್ಲ. ಮೇಲೆ ಹೇಳಿದ ಜೀನ್ ರೀಸ್ 1979ರವರೆಗೆ ಇದ್ದರು, ಅವರ ಕೃತಿಗೆ ಬೇಕು. ಈಚಿನ ಮುದ್ರಣಗಳ ಟಿಪ್ಪಣಿ, ಪೀಠಿಕೆಗಳಿಗೂ ಬೇಕು, ಆದ್ದರಿಂದ 1897ರ ಪಾಠವನ್ನಷ್ಟೇ ಆಧಾರ ಮಾಡಿಕೊಳ್ಳಿ. ಸ್ಟೋಕರ್ ಪತ್ನಿ ಫ್ಲಾರೆನ್ಸ್ ಈ ಹಕ್ಕನ್ನು ಹಗುರವಾಗಿ ಬಿಟ್ಟವರಲ್ಲ. ಅನುಮತಿ ಪಡೆಯದೆ ಹೆಸರುಗಳನ್ನಷ್ಟೇ ಬದಲಿಸಿ 1922ರಲ್ಲಿ ತೆಗೆದ ಜರ್ಮನ್ ಚಿತ್ರ 'ನೊಸ್ಫೆರಾಟು' ಮೇಲೆ ದಾವೆ ಹೂಡಿ, ಪ್ರತಿಗಳನ್ನು ನಾಶಮಾಡಬೇಕೆಂಬ ಆದೇಶವನ್ನು 1925ರಲ್ಲಿ ಪಡೆದರು. ಕೆಲವು ಪ್ರತಿ ತಪ್ಪಿಸಿಕೊಂಡದ್ದರಿಂದ ಚಿತ್ರ ಉಳಿದಿದೆ.

ನಿಮ್ಮ ವೃತ್ತಿ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಕಥೆ ಆರಂಭವಾಗುವುದು ಹೊಸದಾಗಿ ಸಾಲಿಸಿಟರ್ ಆದ ಜೊನಾಥನ್ ಹಾರ್ಕರ್ ಕ್ರಯಪತ್ರ ಹಿಡಿದು ಟ್ರಾನ್ಸಿಲ್ವೇನಿಯಾಕ್ಕೆ ಹೋಗುವುದರಿಂದ. ರಕ್ತಪಿಶಾಚಿಯಾದ ಕೌಂಟ್ ಡ್ರಾಕುಲಾ ಕೊಳ್ಳುತ್ತಿರುವುದು ಲಂಡನ್ ಬಳಿಯ ಪರ್‌ಫ್ಲೀಟ್‌ನ ಕಾರ್‌ಫ್ಯಾಕ್ಸ್ ಎಂಬ ಮನೆ. ಒಬ್ಬನಿಗೆ ಇಬ್ಬರು ಸಾಲಿಸಿಟರ್ ಇರಬಹುದೇ ಎಂದು ಅವನು ವಿಚಾರಿಸಿಕೊಳ್ಳುತ್ತಾನೆ. ಮಲಗಲು ತನ್ನ ನಾಡಿನ ಮಣ್ಣು ತುಂಬಿ ಅವನು ಜೊತೆಗೆ ತರುವ ಪೆಟ್ಟಿಗೆಗಳು 50. ಅವನ್ನು ಪತ್ತೆಹಚ್ಚುವುದು ಮಂತ್ರದಿಂದಲ್ಲ, ಸಾಗಣೆದಾರರ ಲೆಕ್ಕಪತ್ರಗಳಿಂದ: ಕಾರ್‌ಫ್ಯಾಕ್ಸ್‌ನಲ್ಲಿ 29, ಮೈಲ್ ಎಂಡ್‌ನಲ್ಲಿ 6, ಬರ್ಮಂಡ್ಸಿಯಲ್ಲಿ 6, ಪಿಕಡಿಲಿಯಲ್ಲಿ 9 ಇರಬೇಕಾದಲ್ಲಿ 8. ಸಿಗದ ಆ ಒಂದರ ಬೆನ್ನುಹತ್ತಿಯೇ ಕೊನೆಯ ಭಾಗ ಓಡುತ್ತದೆ. ಅಂಕಿ ತಪ್ಪಿದರೆ ಕಥೆ ಕೆಡುತ್ತದೆ, ಅನುವಾದದ ಪಕ್ಕದಲ್ಲಿ ಒಂದು ಲೆಕ್ಕದ ಹಾಳೆ ಇಟ್ಟುಕೊಳ್ಳಿ.

ಇನ್ನು ಭಾಷೆ. ಕಾದಂಬರಿಯಲ್ಲಿ ಒಬ್ಬ ನಿರೂಪಕನಿಲ್ಲ. ಹಾರ್ಕರನ ಶೀಘ್ರಲಿಪಿ ದಿನಚರಿ, ಅವನ ಹೆಂಡತಿ ಮೀನಾಳ ಟೈಪು ಮಾಡಿದ ಪ್ರತಿ, ಡಾಕ್ಟರ್ ಸೀವರ್ಡ್ ಫೋನೊಗ್ರಾಫಿಗೆ ಹೇಳಿದ ಮಾತು, ಹಡಗಿನ ದಾಖಲೆ, ಪತ್ರಿಕಾ ವರದಿ, ತಂತಿ. ಎಲ್ಲವನ್ನೂ ಒಂದೇ ಗ್ರಾಂಥಿಕ ಕನ್ನಡದಲ್ಲಿ ಬರೆದರೆ ಕಡತವನ್ನು ತಿರುವಿ ಹಾಕುವ ಸುಖವೇ ಹೋಗುತ್ತದೆ. ಸೀವರ್ಡ್‌ನದು ಆಡುಮಾತಿಗೆ ಹತ್ತಿರವಿರಲಿ, ಹಡಗಿನ ದಾಖಲೆಯ ವಾಕ್ಯಗಳು ತುಂಡುತುಂಡಾಗಿರಲಿ, ತಂತಿಯಲ್ಲಿ ಕ್ರಿಯಾಪದ ಬಿಡಬಹುದು. ವಿಟ್‌ಬಿಯ ಮುದುಕ ಸ್ವೇಲ್ಸ್ ಆಡುವುದು ದಟ್ಟವಾದ ಕರಾವಳಿ ಪ್ರಾಂತ್ಯದ ಮಾತು. ಅದನ್ನು ಮಂಗಳೂರು ಕನ್ನಡ ಮಾಡಿದರೆ ಪಾತ್ರ ಮಂಗಳೂರಿನವನೇ ಆಗಿಬಿಡುವ ಅಪಾಯವಿದೆ. ಯಾವ ಜಿಲ್ಲೆಗೂ ಸೇರದ, ಹಳ್ಳಿಯ ವಯಸ್ಸಾದವರ ಮಾತಿನ ಲಯ ಸಾಕು. ಮೊದಲ ನಾಲ್ಕು ಅಧ್ಯಾಯ ಪೂರ್ತಿ ಹಾರ್ಕರನ ದಿನಚರಿ, ಧಾಟಿ ಒಂದೇ. ಅವನ್ನು ಮೊದಲು ಮುಗಿಸಿ ಗಟ್ಟಿಯಾಗಿ ಓದಿಸಿ ಕೇಳಿ, ಐದನೆಯ ಅಧ್ಯಾಯದ ಪತ್ರಗಳಿಗೆ ಆಮೇಲೆ ಕೈಹಾಕಿ.